ಇಪ್ಪತ್ತಮೂರು ಜೋಲಿಗಳ ಕಿನ್ನಿಯಕ್ಕ

ಜೆಪ್ಪಿನ ಕೆಳಗೆ, ನೇತ್ರಾವತಿಯ ದಡದಲ್ಲಿರುವ ಹಂಚಿನ ಕಾರ್ಖಾನೆಯ ಮೊದಲ ಕೂಗು ಬೆಳಿಗ್ಗೆ ಆರೂವರೆಗೆ. ಅದಕ್ಕೂ ಮೊದಲೇ ಕಿನ್ನಿಯಕ್ಕ ಬಂದಿರುತ್ತಾರೆ. ಗೇಟಿನ ಹೊರಗೆ, ಗೋಡೆಗೆ ತಾಗಿಸಿ ಒಡಕು ಹಂಚು ಹೊದಿಸಿದ ಒಂದು ಮಾಡು. ಅದರಡಿ ಅಡ್ಡ ಬಿಗಿದ ಬಿದಿರಿಗೆ ಗೋಣಿಯ ಜೋಲಿಗಳನ್ನು ಒಂದೊಂದಾಗಿ ಕಟ್ಟುತ್ತಾರೆ. ಕಟ್ಟಿದ್ದನ್ನು ಮೊಣಕೈಯ ಭಾರ ಹಾಕಿ ಜಗ್ಗಿ ನೋಡುತ್ತಾರೆ. ಒಟ್ಟು ಇಪ್ಪತ್ತಮೂರು. ಹೊಳೆಯ ಕಡೆಯಿಂದ ಆವೆಮಣ್ಣಿನ ದೋಣಿಗಳು ಬಂದು ತಾಗುವ ಸದ್ದು ಬಿಟ್ಟರೆ ಆ ಹೊತ್ತಿಗೆ ಬೇರೆ ಸದ್ದಿಲ್ಲ.

ಕೂಗು ಆದ ಕೂಡಲೇ ತಾಯಂದಿರು ಬರುತ್ತಾರೆ. ಬಂದವಳು ಮಗುವನ್ನು ಜೋಲಿಗೆ ಹಾಕಿ ಓಡುವ ಹಾಗಿಲ್ಲ. ಕಿನ್ನಿಯಕ್ಕ ಕೈ ಅಡ್ಡ ಹಿಡಿಯುತ್ತಾರೆ.

"ಮುಸುಕು ತೆಗೆ. ಇವತ್ತು ಎಂತ ಉಂಟು?"

ತಾಯಿ ಮಗುವನ್ನು ನೋಡಬೇಕು. ನೋಡಿ, ಕಂಡದ್ದು ಒಂದನ್ನು ಬಾಯಿಬಿಟ್ಟು ಹೇಳಬೇಕು. "ಕಿವಿಯ ಹಿಂದೆ ಬೆವರುಸಾಲೆ ಎದ್ದಿದೆ" ಎನ್ನುತ್ತಾಳೆ ಒಬ್ಬಳು. "ನಕ್ಕರೆ ಒಂದೇ ಕೆನ್ನೆಗೆ ಗುಳಿ ಬೀಳ್ತದೆ" ಎನ್ನುತ್ತಾಳೆ ಇನ್ನೊಬ್ಬಳು. ಅವಸರದಲ್ಲಿರುವ ಮೂರನೆಯವಳು ಜೋಲಿಯ ಕಡೆ ತಿರುಗದೆಯೇ, "ಮೂಗು ಉಂಟು, ಬಿಡಿ ಅಕ್ಕ ನನ್ನನ್ನು" ಎನ್ನುತ್ತಾಳೆ.

"ಅದು ನಿನ್ನೆಯೂ ಇತ್ತು ಮಾರಾಯ್ತಿ. ಹೊಸತು ಹೇಳು."

ಹಿಂದೆ ನಿಂತವರು ನಗುತ್ತಾರೆ. ನಗುತ್ತಲೇ ಗೇಟಿನ ಕಡೆಗೆ ಕಣ್ಣು ಹಾಯಿಸುತ್ತಾರೆ. ಏಳಕ್ಕೆ ಎರಡನೆಯ ಕೂಗು. ಅದು ನಿಂತೊಡನೆ ಗೇಟು ಬೀಳುತ್ತದೆ. ಹೊರಗುಳಿದವಳಿಗೆ ಅರ್ಧ ದಿನದ ಕೆಲಸವಿಲ್ಲ.

ಈ ಶನಿವಾರ ಮೇಸ್ತ್ರಿ ಬೊನಿಫಾಸ್ ಅವರೂ ಅಲ್ಲಿದ್ದಾರೆ. ಕೈಯಲ್ಲಿ ಸುತ್ತಿಗೆ, ಹೆಗಲ ಚೀಲದಲ್ಲಿ ತಗಡಿನ ಬಿಲ್ಲೆಗಳು. ಬಿಲ್ಲೆಗೊಂದು ಅಂಕಿ. ಜೋಲಿಗಳ ನೇರಕ್ಕೆ ಬಿದಿರಿನ ಮೇಲೆ ಅವನ್ನು ಹೊಡೆಯುತ್ತಿದ್ದಾರೆ.

"ಸೋಮವಾರದಿಂದ ಈ ಪುರಾಣ ಇಲ್ಲ" ಎನ್ನುತ್ತಾರೆ. "ಜೋಲಿಗೊಂದು ನಂಬ್ರ, ತಾಯಿಯ ಕೈಗೊಂದು ನಂಬ್ರ. ತಂದರು, ಹಾಕಿದರು, ಹೋದರು. ದಿನಾ ನಾಲ್ಕೈದು ಮಂದಿ ಗೇಟಿನ ಹೊರಗೆ ಉಳಿದರೆ ಮೆನೇಜರು ನನ್ನನ್ನು ಕೇಳ್ತಾರೆ, ಕಿನ್ನಿಯನ್ನಲ್ಲ. ನಂಬ್ರ ಕಾಯ್ಲಿಕ್ಕೆ ವಾಚ್‌ಮನ್ ಸಾಕು. ಕಿನ್ನಿಗೆ ಒಳಗೆ ಹಂಚು ಸವರುವ ಮೇಜು ಉಂಟು, ಸಂಬಳವೂ ಜಾಸ್ತಿ. ಬೇಜಾರು ಎಂತಕ್ಕೆ?"

"ನಂಬ್ರ ತಪ್ಪಲಿಕ್ಕಿಲ್ಲ ಮೇಸ್ತ್ರಿ" ಎನ್ನುತ್ತಾರೆ ಕಿನ್ನಿಯಕ್ಕ, ಒಂದು ಮಗುವಿನ ಮೂಗು ಒರೆಸುತ್ತ. "ಆ ದಿನ ನಾವೂ ನೋಡಿದ್ದು ನಂಬ್ರವನ್ನೇ."

ಆ ದಿನದ ಸಂಗತಿಯನ್ನು ಅವರು ಎಂಟು ವರ್ಷ ಯಾರಿಗೂ ಬಿಡಿಸಿ ಹೇಳಿಲ್ಲ. ಎರಡನೆಯ ಕೂಗು ಮುಗಿದು, ಮಕ್ಕಳಲ್ಲಿ ಅರ್ಧ ನಿದ್ದೆಹೋದ ಮೇಲೆ, ನೆಲದಲ್ಲಿ ಕುಳಿತು, ಬಿಲ್ಲೆ ಹೊಡೆಯುತ್ತಿರುವ ಮೇಸ್ತ್ರಿಗೂ ಕೇಳುವ ಹಾಗೆ ಹೇಳುತ್ತಾರೆ.

ಕಿನ್ನಿಯಕ್ಕ ಕೂಳೂರಿನ ಆಚೆಯ ಒಕ್ಕಲು ಮನೆಯ ಮಗಳು. ಅಲ್ಲಿ ನೇಜಿ ನೆಡುವ ಹೆಂಗಸರು ಮಗು ಅತ್ತರೆ ಬದುವಿಗೆ ಹತ್ತಿ ಕೂರುತ್ತಿದ್ದರು. ಮಗು ಕುಡಿದು ಮುಗಿಸುವ ತನಕ ಗದ್ದೆ ಕಾಯುತ್ತಿತ್ತು. ಮದುವೆಯಾಗಿ ಕಂಕನಾಡಿಯ ಕೆಳಗಿನ ಬೈಲಿಗೆ ಬಂದ ಮರುವರ್ಷ ಕಾರ್ಖಾನೆಗೆ ಸೇರಿದರು. ಕೆಲಸ, ಅಚ್ಚಿನಿಂದ ಇಳಿದ ಹಸಿ ಹಂಚಿನ ಅಂಚು ಸವರುವುದು. ನಾಲ್ಕು ಬದಿಗೆ ನಾಲ್ಕು ಎಳೆತ, ಹೆಚ್ಚಿನ ಮಣ್ಣು ಕೆಳಗೆ, ಹಂಚು ಹಲಗೆಗೆ. ಸಾಧಾರಣ ಹೆಂಗಸು ದಿನಕ್ಕೆ ಏಳುನೂರು ಹಂಚು ಸವರುತ್ತಾಳೆ. ಕಿನ್ನಿಯಕ್ಕ ಸಾವಿರ ದಾಟಿಸಿದರು. ಎದುರು ಮೇಜಿನಲ್ಲಿ ಗೆರ್ಟ್ರೂಡ್ ಬಾಯಿ, ಅವರೂ ಸಾವಿರದವರೇ. ಸಂಜೆ ಅಂದಿನ ಮೇಸ್ತ್ರಿ ಇಬ್ಬರ ಲೆಕ್ಕವನ್ನೂ ದೊಡ್ಡದಾಗಿ ಕೂಗಿ ಹೇಳುತ್ತಿದ್ದರಂತೆ.

"ಅದೊಂದು ಮರ್ಲು, ಹುಚ್ಚು" ಎನ್ನುತ್ತಾರೆ. "ಅವಳು ಸಾವಿರದ ನಲವತ್ತು ಮಾಡಿದರೆ ನನಗೆ ರಾತ್ರಿ ಗಂಜಿ ಇಳೀತಿರಲಿಲ್ಲ. ಮನೆಯಲ್ಲಿ ಅಕ್ಕಿ ಅರೆಯುವಾಗಲೂ ಎಣಿಸ್ತಿದ್ದೆ. ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪಿತು ಅಂತ ಸಿಟ್ಟು."

ಇಬ್ಬರಿಗೂ ಒಂದೇ ತಿಂಗಳಲ್ಲಿ ಹೆರಿಗೆ. ಕಿನ್ನಿಯಕ್ಕನ ಮಗುವಿನ ಹೆಸರು ಮುದ್ದು, ಗೆರ್ಟ್ರೂಡ್ ಬಾಯಿಯ ಮಗುವಿನ ಹೆಸರು ಡಾಲಿ. ಆಗಲೂ ಇದೇ ಮಾಡು ಇತ್ತು, ನೋಡಿಕೊಳ್ಳುವವರು ಇರಲಿಲ್ಲ. ಹಾಲೂಡಿಸಲು ಹತ್ತಕ್ಕೊಮ್ಮೆ, ಮೂರಕ್ಕೊಮ್ಮೆ ಹತ್ತು ನಿಮಿಷ. ಎದುರಿನವಳು ಎದ್ದು ಹೋಗಿ ಬಂದ ಮೇಲೆ ತಾನು ಹೋಗುವುದು, ಮತ್ತು ಅವಳಿಗಿಂತ ಬೇಗ ಬರುವುದು, ಇದೂ ಪಂದ್ಯದೊಳಗೇ. ಕಿನ್ನಿಯಕ್ಕನದು ಕಂಬದಿಂದ ಮೂರನೆಯ ಜೋಲಿ. ಗೆರ್ಟ್ರೂಡ್ ಬಾಯಿಯದು ನಾಲ್ಕನೆಯದು. ಓಡಿ ಬಂದು ಮೂರಕ್ಕೆ ಕೈ ಹಾಕಿದರಾಯಿತು.

೧೯೩೧ರ ದಶಂಬರದಲ್ಲಿ ಒಂದು ದಿನ, ಬಿಸಿಲು ತಾಗುತ್ತದೆಂದು ವಾಚ್‌ಮನ್ ಕೊನೆಯ ಜೋಲಿಯನ್ನು ಬಿಚ್ಚಿ ಕಂಬದ ಪಕ್ಕಕ್ಕೆ ಕಟ್ಟಿದ. ಎಲ್ಲ ಜೋಲಿಗಳೂ ಒಂದೊಂದು ಸ್ಥಾನ ಆಚೆ ಸರಿದವು. ನಾಲ್ಕನೆಯದೀಗ ಮುದ್ದುವಿನ ಜೋಲಿ. ಮೂರನೆಯದರಲ್ಲಿದ್ದ ಮಗುವಿನ ತಾಯಿ ಜ್ವರವೆಂದು ಮಧ್ಯಾಹ್ನವೇ ಅದನ್ನು ಎತ್ತಿಕೊಂಡು ಹೋಗಿದ್ದಳು. ಗೆರ್ಟ್ರೂಡ್ ಬಾಯಿ ಬಂದರು, ನಾಲ್ಕಕ್ಕೆ ಕೈ ಹಾಕಿದರು, ಹಾಲೂಡಿಸಿ ಮಲಗಿಸಿ ಹೋದರು. ಆಮೇಲೆ ಕಿನ್ನಿಯಕ್ಕ ಬಂದರು. ಮೂರನೆಯದು ಖಾಲಿ. ಕೂಸು ಅಳುತ್ತಿದ್ದದ್ದು ಐದರಲ್ಲಿ.

"ಯಾರೋ ಸರಿಸಿದ್ದಾರೆ, ಇದೇ ಇರಬೇಕು ಅಂತ ಅಳುವ ಮಗುವನ್ನು ಎತ್ತಿದೆ" ಎನ್ನುತ್ತಾರೆ. "ಅದು ಡಾಲಿ. ಅದರ ಕೊರಳಲ್ಲಿ ಇಗರ್ಜಿಯ ಪದಕ ಉಂಟು. ಅದು ನನ್ನ ಎದೆಗೆ ಒತ್ತುತ್ತಿತ್ತು. ರವಕೆಯ ಗುಂಡಿ ಇರಬೇಕು ಅಂತ ಬದಿಗೆ ಸರಿಸಿದೆ. ಕಣ್ಣು ಗೇಟಿನ ಕಡೆಗೆ. ಸಂಜೆಯೂ ಐದರಿಂದಲೇ ಎತ್ತಿಕೊಂಡೆ, ಬಟ್ಟೆ ಸುತ್ತಿದೆ, ನಡೆದೆ."

ಮನೆಯಲ್ಲಿ ಮಗುವನ್ನು ಚಾಪೆಯಲ್ಲಿಟ್ಟು ಅರೆಯುವ ಕಲ್ಲಿನ ಮುಂದೆ ಕೂತರು. ಅತ್ತೆ ಬಟ್ಟೆ ಬಿಡಿಸಿ, "ಇದು ಯಾರ ಮಗು?" ಎಂದು ಕೇಳಿದರು. ಕಿನ್ನಿಯಕ್ಕ ತಿರುಗಲಿಲ್ಲ. ಮತ್ತೆ ಕೇಳಿದರು. "ಮಲಗಿದೆ, ಎಬ್ಬಿಸಬೇಡಿ" ಎಂದರು. ಮೂರನೆಯ ಸಲ ಅತ್ತೆ ದೀಪವನ್ನೇ ತಂದು ಮಗುವಿನ ಮುಖದ ಹತ್ತಿರ ಹಿಡಿದರು.

ಅಲ್ಲಿಂದ ಜೆಪ್ಪಿನ ಇಗರ್ಜಿಯ ಹಿಂದಿನ ಮನೆಗೆ ಒಂದೂವರೆ ಮೈಲು. ಹೇಗೆ ಓಡಿದರೆಂಬುದು ಅವರಿಗೆ ನೆನಪಿಲ್ಲ. ಗೆರ್ಟ್ರೂಡ್ ಬಾಯಿ ಪಟದ ಮುಂದೆ ಮೊಣಕಾಲೂರಿ ಸಂಜೆಯ ಪ್ರಾರ್ಥನೆಯಲ್ಲಿದ್ದರು. ಒಂದು ಕೈಯಲ್ಲಿ ಜಪಮಣಿ, ಇನ್ನೊಂದು ಕೈಯಲ್ಲಿ ಎದೆಗೊತ್ತಿದ ಮುದ್ದು.

ಮುಂದಿನದನ್ನು ಗೆರ್ಟ್ರೂಡ್ ಬಾಯಿಯೇ ಹೇಳಬೇಕು. ಅವರು ಈಗಲೂ ಅಂಚು ಸವರುತ್ತಾರೆ. ಹತ್ತು ಗಂಟೆಯ ಬಿಡುವಿಗೆ ಮಣ್ಣಿನ ಕೈಯಲ್ಲೇ ಮಾಡಿನ ಬಳಿಗೆ ಬರುತ್ತಾರೆ.

"ಕಿನ್ನಿ ಬಾಗಿಲಲ್ಲಿ ನಿಂತು ಎಂತ ಹೇಳಿದಳು ನನಗೆ ಕೇಳಲಿಲ್ಲ. ಅವಳ ಕೈಯಲ್ಲಿ ಡಾಲಿ ಕಂಡಿತು. ಹಾಗಾದರೆ ನನ್ನ ಕೈಯಲ್ಲಿ ಇರುವುದು ಯಾರು? ಆಗ ಕೆಳಗೆ ನೋಡಿದೆ." ಬೆರಳಿಗೆ ಅಂಟಿದ ಮಣ್ಣನ್ನು ಉಗುರಿನಿಂದ ಕೆರೆಯುತ್ತಾರೆ. "ಮೂರು ಗಂಟೆಗೆ ಹಾಲು ಕೊಡುವಾಗಲೇ ಹಲ್ಲು ತಾಗಿತ್ತು. ಡಾಲಿಗೆ ಹಲ್ಲು ಬಂತು ಅಂತ ಗ್ರಹಿಸಿದೆ. ಹೊಸ ಹಲ್ಲು ಬಂದರೆ ಯಾವ ತಾಯಿಯಾದರೂ ಬಾಯಿ ತೆರೆದು ನೋಡ್ತಾಳೆ. ನಾನು ಆದಿತ್ಯವಾರ ನೋಡಿದರಾಯಿತು ಅಂತ ಇಟ್ಟುಕೊಂಡೆ."

ಇಬ್ಬರೂ ಮಕ್ಕಳನ್ನು ಬದಲಿಸಿಕೊಂಡರು. ಮರುದಿನ ಇಬ್ಬರೂ ಕೆಲಸಕ್ಕೆ ಬಂದರು. ಕಿನ್ನಿಯಕ್ಕನಿಗೆ ಕೈ ಏಳಲಿಲ್ಲ. ಇನ್ನೂರು ಹಂಚಿಗೆ ನಿಂತುಹೋಯಿತು. ನಾಲ್ಕನೆಯ ದಿನ ಮೇಸ್ತ್ರಿಯ ಮುಂದೆ ನಿಂತು, ಮೇಜು ಬೇಡ, ಮಕ್ಕಳನ್ನು ನೋಡಿಕೊಳ್ಳುತ್ತೇನೆ ಎಂದರು. ಸಂಬಳ ಅರ್ಧಕ್ಕಿಳಿಯಿತು. ಮನೆಯಲ್ಲಿ ಗಂಡ ಎರಡು ತಿಂಗಳು ನೆಟ್ಟಗೆ ಮಾತಾಡಲಿಲ್ಲ. ಅತ್ತೆ ಮಾತ್ರ ಏನೂ ಅನ್ನಲಿಲ್ಲ.

"ಪುಣ್ಯಕ್ಕೆ ಮಾಡುವುದಲ್ಲ ಇದು" ಎನ್ನುತ್ತಾರೆ ಕಿನ್ನಿಯಕ್ಕ. "ನನಗೆ ಹೆದರಿಕೆ. ಏಳು ತಿಂಗಳು ಹಾಲು ಕೊಟ್ಟ ಮಗುವಿನ ಮುಖ ಗೊತ್ತಿಲ್ಲದೆ ಬದುಕಿದ್ದೆ, ಗೊತ್ತಿಲ್ಲ ಅಂತ ಕೂಡ ಗೊತ್ತಿರಲಿಲ್ಲ."

ಮಧ್ಯಾಹ್ನ ಹತ್ತಿರದ ಮನೆಯವರು ಮಕ್ಕಳನ್ನು ಎತ್ತಿಕೊಂಡು ಗಂಜಿಗೆ ಹೋಗುತ್ತಾರೆ. ತಿರುಗಿ ಬರುವಾಗ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಗೇಟು. ದೇಯಿ ಎಂಬ ಹತ್ತೊಂಬತ್ತರ ಹುಡುಗಿ ಎಲ್ಲರಿಗಿಂತ ಕೊನೆಗೆ ಓಡಿಬಂದಳು. ಕೂಗು ಆಗಲೇ ಶುರುವಾಗಿತ್ತು. ಮಗು ಎಡೆಬಿಡದೆ ಅಳುತ್ತಿತ್ತು.

"ಇವತ್ತು ಎಂತ ಉಂಟು?"

"ಬೆಳಿಗ್ಗೆಯೇ ಹೇಳಿದ್ದೇನಲ್ಲ ಅಕ್ಕ, ಹುಬ್ಬು ಕೂಡಿದೆ ಅಂತ. ಹೊಟ್ಟೆನೋವಿಗೆ ಅಳ್ತಾ ಉಂಟು. ಗೇಟು ಹಾಕ್ತಾರೆ."

"ಅದು ಬೆಳಿಗ್ಗೆಯ ಲೆಕ್ಕ."

ದೇಯಿಗೆ ಸಿಟ್ಟು ಬಂತು. ಮುಖದಲ್ಲಿ ಹೊಸತು ಹುಡುಕಲು ಪುರುಸೊತ್ತಿಲ್ಲದೆ, ಸುತ್ತಿದ ಬಟ್ಟೆಯನ್ನು ಕಾಲ ಕಡೆಯಿಂದ ಕಿತ್ತೆಳೆದಳು. "ಇದಾ, ಕಾಲು ಉಂಟು, ಬೆರಳು..." ಎಂದವಳು ಅಲ್ಲೇ ನಿಂತಳು.

ಎಡಗಾಲಿನ ಕಿರುಬೆರಳ ಪಕ್ಕದ ಬೆರಳು ನೇರಳೆ ಹಣ್ಣಿನಂತೆ ಊದಿ ಕಪ್ಪಾಗಿದೆ. ಬುಡದಲ್ಲಿ ಗೆರೆ ಕೊರೆದ ಹಾಗೆ ಏನೋ ಬಿಗಿದಿದೆ. ಕಿನ್ನಿಯಕ್ಕ ಮಗುವನ್ನು ತೊಡೆಗೆಳೆದುಕೊಂಡು ಬೆಳಕಿಗೆ ಹಿಡಿದರು. ಕೂದಲು. ತಾಯಿಯ ತಲೆಯಿಂದ ಉದುರಿದ ಒಂದೇ ಒಂದು ಉದ್ದ ಕೂದಲು ಬಟ್ಟೆಯೊಳಗೆ ಸೇರಿ ಮೂರು ಸುತ್ತು ಸುತ್ತಿಕೊಂಡಿದೆ. ಸೆರಗಿಗೆ ಚುಚ್ಚಿದ್ದ ಸೂಜಿಯ ಮೊನೆಯಿಂದ ಸುತ್ತನ್ನು ಎಬ್ಬಿಸಿ, ಹಲ್ಲಿನಿಂದ ಕಡಿದರು. ಬೆರಳಿಗೆ ಬಣ್ಣ ಮರಳುವ ತನಕ ಉಜ್ಜುತ್ತಲೇ ಇದ್ದರು. ದೇಯಿ ಎರಡೂ ಕೈಯಲ್ಲಿ ತನ್ನ ತುರುಬನ್ನು ಹಿಡಿದುಕೊಂಡು ನೆಲದಲ್ಲಿ ಕುಸಿದಿದ್ದಳು.

ಬಣ್ಣ ಬಂತು. ಅಳು ನಿಂತಿತು. ಕಿನ್ನಿಯಕ್ಕ ಮಗುವಿನ ಇನ್ನೊಂದು ಕಾಲಿನ ಬೆರಳುಗಳನ್ನೂ ಒಂದೊಂದಾಗಿ ಬಿಡಿಸಿ ನೋಡಿದರು.

"ಬೆಳಿಗ್ಗೆ ಇವಳು ಹುಬ್ಬು ಅಂದಾಗ ನಾನು ಮುಖ ಮಾತ್ರ ನೋಡಿ ಬಿಟ್ಟೆ" ಎಂದರು, ಯಾರಿಗೆಂದಿಲ್ಲದೆ. "ಇಪ್ಪತ್ತಮೂರು ಆಗಬೇಕಲ್ಲ. ನಾನೂ ಎಣಿಸ್ಲಿಕ್ಕೆ ಶುರು ಮಾಡಿದ್ದೇನೆ."

ಕೂಗು ನಿಂತು ಬಹಳ ಹೊತ್ತಾಗಿತ್ತು. ಗೇಟು ಬಿದ್ದಿರಲಿಲ್ಲ. ಬೀಗ ಬೊನಿಫಾಸ್ ಅವರ ಕೈಯಲ್ಲೇ ಇತ್ತು. ಅವರು ಅದನ್ನು ಹಿಡಿದುಕೊಂಡು ಮಾಡಿನ ಕೆಳಗೆ ನಿಂತಿದ್ದರು. ಬೆಳಗಿನಿಂದ ಹೊಡೆದ ಇಪ್ಪತ್ತಮೂರು ಬಿಲ್ಲೆಗಳು ಬಿದಿರಿನ ಮೇಲೆ ಸಾಲಾಗಿದ್ದವು.

"ಬಿಲ್ಲೆ ತೆಗೀಲಿಕ್ಕೆ ಆಗುವುದಿಲ್ಲ" ಎಂದರು ಮೇಸ್ತ್ರಿ. "ಮೆನೇಜರ ಆರ್ಡರು. ಕೂಗು ತಡ ಮಾಡ್ಲಿಕ್ಕೂ ನನಗೆ ಅಧಿಕಾರ ಇಲ್ಲ. ಆದರೆ ಮಕ್ಕಳ ಹತ್ತಿರ ವಾಚ್‌ಮನ್‌ನನ್ನು ಹಾಕಿದರೆ ಗೇಟಿಗೆ ಜನ ಇಲ್ಲ, ಕಿನ್ನಿಯೇ ಇಲ್ಲಿರಲಿ ಅಂತ ನಾನು ಅವರಿಗೆ ಹೇಳ್ತೇನೆ. ಮತ್ತೆ, ಸೋಮವಾರದಿಂದ ಕೂಗು ಆದ ಮೇಲೆ ನಾನೊಂದು ಬೀಡಿ ಸೇದಿ ಗೇಟು ಹಾಕುವುದು. ಬೀಡಿ ಎಷ್ಟು ಉದ್ದ ಅಂತ ಯಾರೂ ಕೇಳುವುದಿಲ್ಲ."

ದೇಯಿ ಕಣ್ಣೊರೆಸಿಕೊಂಡು ಎದ್ದಳು. ಕಿನ್ನಿಯಕ್ಕ ಅವಳ ಮಗುವನ್ನು ಜೋಲಿಗೆ ಹಾಕಲಿಲ್ಲ, ತಿರುಗಿ ಅವಳ ಕೈಗೇ ಕೊಟ್ಟು, ಇನ್ನೊಮ್ಮೆ ನೋಡೆಂದು ಸನ್ನೆ ಮಾಡಿದರು. ಆಮೇಲೆ ಮೇಸ್ತ್ರಿಯ ಕಡೆಗೆ ತಿರುಗಿದರು.

"ಅಷ್ಟು ಸಾಕು. ಸಾವಕಾಶ ಸೇದಿ ಮೇಸ್ತ್ರಿ, ಕೆಮ್ಮು ಬಂದೀತು."