ನಾಲ್ವರು ಬರೆದ ಕೊನೆಯ ಮಾತು

ಆ ಭಾನುವಾರ ಬಿಸಿಲು ಹಿತವಾಗಿತ್ತು. ದೆಹಲಿಯ ಲೋಧಿ ಕಾಲೋನಿಯ ನಮ್ಮ ಸರ್ಕಾರಿ ಮನೆಯ ಹಿಂದಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ನನ್ನ ಗಂಡ ಬಟಾಣಿ ಬಿಡಿಸುತ್ತಿದ್ದರು. ಬಿಡಿಸಿದ್ದರಲ್ಲಿ ಅರ್ಧ ಅವರ ಬಾಯಿಗೇ ಹೋಗುತ್ತಿತ್ತು. ಪಕ್ಕದ ಮನೆಯ ಹಿರಿಯರು ಚರ್ಚ್ ಮುಗಿಸಿಕೊಂಡು ನೇರವಾಗಿ ನಮ್ಮಲ್ಲಿಗೇ ಬಂದರು. ಧಾರವಾಡ ಕಡೆಯ ಕ್ರೈಸ್ತರು. ರಿಟೈರ್ ಆದ ಮೇಲೆ ಮಗನಿಗೆ ಸಿಕ್ಕ ಕ್ವಾರ್ಟರ್ಸಿನಲ್ಲಿದ್ದಾರೆ. ನನ್ನನ್ನು ತಂಗಿ ಎನ್ನುತ್ತಾರೆ, ನಾನು ಅವರನ್ನು ಅಣ್ಣ ಎನ್ನುತ್ತೇನೆ.

ನಾನು ಕಾಫಿ ತರುವಷ್ಟರಲ್ಲಿ ವಾದ ಶುರುವಾಗಿತ್ತು. ಮೊದಮೊದಲಿನ ಕ್ರೈಸ್ತರ ಬಗ್ಗೆ ನನ್ನ ಗಂಡ ಲೈಬ್ರರಿಯಿಂದ ಒಂದು ಪುಸ್ತಕ ತಂದಂದಿನಿಂದ ನಮ್ಮ ಮನೆಯ ಭಾನುವಾರಗಳು ಹೀಗೇ. ಯೇಸುವಿನ ಶಿಷ್ಯರು ತಾವು ಹೊಸ ಧರ್ಮ ಕಟ್ಟುತ್ತಿದ್ದೇವೆ ಅಂದುಕೊಂಡಿದ್ದರೇ, ಇಲ್ಲ ಯಹೂದಿಗಳಾಗಿಯೇ ಉಳಿದಿದ್ದರೇ? ಆತ ಸತ್ತು ಎಷ್ಟೋ ವರ್ಷಗಳಾದ ಮೇಲೆ ಬರೆದದ್ದನ್ನು ಎಷ್ಟು ನಂಬಬಹುದು? ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅಡುಗೆಮನೆಯ ಕಿಟಕಿಯಿಂದ ಕೇಳಿದ್ದಷ್ಟೇ ನನಗೆ ಗೊತ್ತು.

ಅವತ್ತಿನ ವಿಷಯ ಯೇಸುವಿನ ಕೊನೆಯ ಮಾತು. ನನ್ನ ಗಂಡ ತಮ್ಮ ಸರ್ಕಾರಿ ಆಫೀಸಿನ ಧಾಟಿಯಲ್ಲೇ ಪ್ರಶ್ನೆ ಹಾಕುತ್ತಿದ್ದರು.

"ಬೈಬಲ್ಲಿನಲ್ಲಿ ಆತನ ಕಥೆ ನಾಲ್ಕು ಜನ ಬರೆದಿದ್ದಾರೆ ಸಾರ್. ಒಂದು ಕಡೆ ದೇವರು ಕೈಬಿಟ್ಟ ಅಂತ ಕೂಗ್ತಾನೆ. ಇನ್ನೊಂದು ಕಡೆ ಸಮಾಧಾನವಾಗಿ ಪ್ರಾಣ ಒಪ್ಪಿಸ್ತಾನೆ. ಮತ್ತೊಂದರಲ್ಲಿ ಕೆಲಸ ಮುಗೀತು ಅಂತಾನೆ. ಸತ್ತಿದ್ದು ಒಬ್ಬನೇ ಅಲ್ವೇ? ಮೂಲ ನೋಟ್ ಎಲ್ಲಿ? ಕೆಳಗೆ ಸಹಿ ಎಲ್ಲಿ? ಇಂಥ ಫೈಲು ಬಂದ್ರೆ ನಮ್ಮ ಸೆಕ್ಷನ್‌ನಲ್ಲಿ ವಾಪಸ್ ಕಳಿಸ್ತೀವಿ."

"ನಿಮ್ಮ ಸೆಕ್ಷನ್ನು ಸ್ವರ್ಗದ ಬಾಗಲದಾಗ ಇದ್ದಿದ್ರ ಇಷ್ಟೊತ್ತಿಗೆ ಒಬ್ಬರೂ ಒಳಗ ಹೋಗ್ತಿರಲಿಲ್ರಿ."

"ಉತ್ತರ ಕೊಡಿ ಅಂದ್ರೆ ತಮಾಷೆ ಮಾಡ್ತೀರಿ."

"ಮುಂಜಾನೆ ವಾಕಿಂಗಿನಾಗ ಕೊಡ್ತೀನಿ. ಈಗ ಕಾಫಿ ಆರ್ತದ."

ಮರುದಿನ ಬೆಳಿಗ್ಗೆ ಇಬ್ಬರೂ ಎಂದಿನಂತೆ ಪಾರ್ಕಿಗೆ ಹೋದರು. ನನ್ನ ಗಂಡ ಬೆಂಚಿನ ಮೇಲೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಆಸ್ಪತ್ರೆ ಸೇರುವ ಮೊದಲೇ ಎಲ್ಲ ಮುಗಿದಿತ್ತು. ಹತ್ತಿರ ಇದ್ದವರು ಅಣ್ಣ ಒಬ್ಬರೇ.

ಆಸ್ಪತ್ರೆಯ ವರಾಂಡದಲ್ಲಿ ಅವರು ನನಗೆ ಹೇಳಿದ್ದು: "'ಮಂಡಿ ನೋಯ್ತಿದೆ, ಸ್ವಲ್ಪ ಕೂರೋಣ' ಅಂದ್ರು ತಂಗಿ. ಅಷ್ಟ." ನಾನು ಅದನ್ನೇ ಹಿಡಿದುಕೊಂಡೆ. ಎಷ್ಟು ಸಣ್ಣ ಮಾತು, ಆದರೆ ಅವರದೇ ಮಾತು. ಮಂಡಿಗೆ ಎಣ್ಣೆ ಹಚ್ಚುತ್ತಿದ್ದವಳು ನಾನೇ.

ವೈಕುಂಠ ಸಮಾರಾಧನೆಯ ದಿನ ಹಾಸನದಿಂದ ಬಂದಿದ್ದ ನಮ್ಮತ್ತೆ ಅಣ್ಣನನ್ನು ಹತ್ತಿರ ಕರೆದು ಕೇಳಿದರು. "ಹೋಗೋವಾಗ ದೇವರ ನಾಮ ಬಾಯಿಗೆ ಬಂತೇನಪ್ಪಾ?" ಕೊನೆಗಳಿಗೆಯಲ್ಲಿ ಅದು ಬಾರದೆ ಹೋದರೆ ಏನೋ ತಪ್ಪಿಹೋಯಿತು ಎಂದು ನಂಬಿದವರು ಅವರು. ಅಣ್ಣ ತಲೆಯಾಡಿಸಿ, "ಬಂತ್ರಿ ಅಮ್ಮಾರ. ರಾಮ ಅಂದ್ರು," ಎಂದರು. ಅತ್ತೆ ಕಣ್ಣೊರೆಸಿಕೊಂಡು, ಆ ದಿನಗಳಲ್ಲಿ ಮೊದಲ ಸಲ ಎಲೆ ಮುಂದೆ ಕೂತು ಸರಿಯಾಗಿ ಊಟ ಮಾಡಿದರು.

ಸಂಜೆ ಪಾತ್ರೆ ಒರೆಸುತ್ತಾ ಮಗಳು ಹೇಳಿದಳು. "ಅಮ್ಮಾ, ಅಂಕಲ್ ನಂಗೆ ಅಲಗ್, ಬೇರೇನೇ ಹೇಳಿದ್ರು. ಪಪ್ಪ ಲಾಸ್ಟಲ್ಲಿ ನನ್ ಹೆಸರು ಕರೆದ್ರಂತೆ."

ಅವಳು ಒರೆಸಿದ ಪಾತ್ರೆಯನ್ನು ತೆಗೆದು ಕಪಾಟಿನಲ್ಲಿಟ್ಟೆ. ಅವಳ ಮುಖದಲ್ಲಿದ್ದ ಚೂರು ನೆಮ್ಮದಿಯನ್ನು ಕಿತ್ತುಕೊಂಡು ನಾನು ಏನು ಮಾಡಲಿ?

ಆದರೆ ಅಂದಿನಿಂದ ಮಂಡಿನೋವಿನ ಮಾತೂ ನನ್ನ ಕೈಯಲ್ಲಿ ನಿಲ್ಲಲಿಲ್ಲ. ಕ್ವಾರ್ಟರ್ಸ್ ಬಿಟ್ಟು ನೋಯ್ಡಾದಲ್ಲಿರುವ ಮಗಳ ಬಾಡಿಗೆ ಮನೆಗೆ ಹೋಗಬೇಕಾಗಿತ್ತು. ಹೋಗುವ ಮೊದಲು ನಿಜ ಯಾವುದೆಂದು ತಿಳಿಯಲೇಬೇಕು ಅನ್ನಿಸಿತು. ಡಬ್ಬಗಳಿಗೆ ಸಾಮಾನು ತುಂಬುವುದನ್ನು ಬಿಟ್ಟು ಪಕ್ಕದ ಮನೆಗೆ ಹೋದೆ.

"ಅಣ್ಣ, ಬೆಂಚಿನ ಮೇಲೆ ಕೂತು ಅವರು ಏನಂದ್ರು? ನನಗೆ ಸಮಾಧಾನ ಹೇಳ್ಬೇಡಿ."

ಅವರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

"ಆ ವಯಸ್ಸಿನ ತಾಯಿ ಕೇಳ್ಯಾಳ, ಇಲ್ಲ ಅನ್ಲಿಕ್ಕೆ ನನ್ನ ಬಾಯಿ ಬರಲಿಲ್ಲ. ಹುಡುಗಿ ಒಂದ ಸವನ ಅಳ್ತಿತ್ತು."

"ನನಗೆ ಹೇಳಿದ್ದು?"

"ಅದು ಖರೇನ ಅನಸ್ತದ ತಂಗಿ. ಆದ್ರ ಕೂಡೂಕಿಂತ ಮೊದಲು ಅಂದದ್ದು ಅದು. ಕೂತ ಮ್ಯಾಲೂ ಏನೋ ಅಂದ್ರು. ನಾ ಅವರಿಗೆ ಕೊಡೋ ಉತ್ತರ ಮನಸಿನಾಗ ಜೋಡಸ್ಕೋತ ಇದ್ದೆ. ಕಿವಿಗೊಟ್ಟು ಕೇಳಲಿಲ್ಲ."

ನನಗೆ ಸಿಟ್ಟು ಬರಲಿಲ್ಲ. ಏನು ಉತ್ತರ ಕೊಡಬೇಕೆಂದಿದ್ದರೆಂದು ಕೇಳಿದೆ. ಅದೂ ಈಗ ನೆನಪಿಲ್ಲ ಎಂದರು.

ಯೇಸುವಿನ ಕೊನೆಯ ಮಾತು ಬರೆದ ಆ ನಾಲ್ವರ ಬಾಗಿಲಿಗೂ ಯಾರೋ ಒಬ್ಬ ತಾಯಿ, ಯಾರೋ ಒಬ್ಬ ಮಗಳು ಬಂದು ನಿಂತಿರಬಹುದು ಎಂದು ನನಗೆ ಈಚೆಗೆ ಅನ್ನಿಸುತ್ತದೆ. ಸುಳ್ಳು ಹೇಳಬೇಕೆಂದು ಯಾರೂ ಬರೆದಿರಲಿಕ್ಕಿಲ್ಲ. ನನ್ನ ಗಂಡನಿಗೆ ಇದನ್ನು ಹೇಳಿದ್ದರೆ, "ಅಡುಗೆಮನೆಯಿಂದ ಇದೆಲ್ಲಾ ಕೇಳಿಸ್ಕೊಂಡಿದ್ಯಾ?" ಎಂದು ನಗುತ್ತಿದ್ದರು. ಆಮೇಲೆ ಇದನ್ನೂ ಒಪ್ಪದೆ ವಾದಕ್ಕೆ ಕೂರುತ್ತಿದ್ದರು.

ನೋಯ್ಡಾದ ಮನೆಯಲ್ಲಿ ಭಾನುವಾರ ಯಾರೂ ಬರುವುದಿಲ್ಲ. ನಮ್ಮತ್ತೆಯ ಹತ್ತಿರ ಒಂದು ಮಾತಿದೆ, ಮಗಳ ಹತ್ತಿರ ಒಂದಿದೆ. ಬೆಂಚಿನ ಮೇಲೆ ಕೂತು ಅವರು ನಿಜವಾಗಿ ಹೇಳಿದ ಮಾತು ಯಾರ ಹತ್ತಿರವೂ ಇಲ್ಲ.