ಕಿರುಚದ ಗರಗಸ

ಆಯುಧಪೂಜೆಯ ದಿನ ನಮ್ಮ ಶೆಡ್ಡಿನಲ್ಲಿ ಒಂದು ಯಂತ್ರವೂ ಓಡುವುದಿಲ್ಲ. ಎರಡು ವರ್ಷದ ಹಿಂದೆ ಆ ದಿನ ಬೆಳಿಗ್ಗೆ ವೆಲ್ಡಿಂಗ್ ಸೆಟ್ಟು, ಡ್ರಿಲ್ಲಿಂಗ್ ಮಿಷನ್ನು, ಕಟಿಂಗ್ ಮಿಷನ್ನು ಎಲ್ಲವನ್ನೂ ಒರೆಸಿ, ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ ಒಬ್ಬಳೇ ನಿಂತಿದ್ದೆ. ಎಲ್ಲಿಂದಲೋ ಸಣ್ಣಗೆ ಕುಂಯ್ ಅನ್ನುವ ಸದ್ದು. ಯಾವುದೋ ಸ್ವಿಚ್ಚು ಆರಿಸಿಲ್ಲ ಅಂದುಕೊಂಡು ಒಂದೊಂದೇ ಪ್ಲಗ್ಗು ಕಿತ್ತೆ. ಕೊನೆಗೆ ಮೇನ್ ಸ್ವಿಚ್ಚನ್ನೇ ಇಳಿಸಿದೆ. ಸದ್ದು ನಿಲ್ಲಲಿಲ್ಲ. ರಸ್ತೆ ದಾಟಿ ಜೋಳದ ಹೊಲದವರೆಗೂ ಹೋದೆ, ಅದೂ ನನ್ನ ಜೊತೆಗೇ ಬಂತು. ಸದ್ದು ಇದ್ದದ್ದು ನನ್ನ ಎಡಗಿವಿಯಲ್ಲಿ.

ಹೆದರಿದೆ. ಯಾಕೆಂದರೆ ಈ ಸದ್ದಿನ ಮುಂದಿನ ಕಥೆ ನಮ್ಮ ಮನೆಯಲ್ಲೇ ದಿನಾ ಕೂತು ಊಟ ಮಾಡುತ್ತದೆ. ಶಿರಂಗಾಲದ ರಸ್ತೆ ಬದಿಯ ಈ ವರ್ಕ್‌ಶಾಪು ಕಟ್ಟಿದ್ದು ಅಪ್ಪ. ತಾತ ಹಾಸನದ ಕಡೆಯಿಂದ ಬೇಸಾಯಕ್ಕೆಂದು ಬಂದವನು. ಅಪ್ಪನಿಗೆ ಮಾತ್ರ ನೇಗಿಲು ಹಿಡಿಯುವುದಕ್ಕಿಂತ ನೇಗಿಲು ರಿಪೇರಿ ಮಾಡುವುದೇ ಹಿತವಾಗಿ, ಹೊಲದ ತುದಿಯಲ್ಲಿ ನಾಲ್ಕು ಕಂಬ ನೆಟ್ಟು ಶೀಟು ಹೊದಿಸಿಬಿಟ್ಟ. ಮೂವತ್ತು ವರ್ಷ ಕಟಿಂಗ್ ಮಿಷನ್ನಿನ ಪಕ್ಕ ನಿಂತ. ಆ ತೆಳ್ಳನೆಯ ಕಲ್ಲಿನ ಚಕ್ರ ಕಬ್ಬಿಣಕ್ಕೆ ತಾಗಿದ ಕೂಡಲೇ ಹೇಗೆ ಕಿರುಚುತ್ತದೆಂದು ಹತ್ತಿರ ನಿಂತವರಿಗೇ ಗೊತ್ತು. ಈಗ ಅಪ್ಪನಿಗೆ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಅಷ್ಟಿಷ್ಟು ಕೇಳಿಸುತ್ತದೆ. ಕೆಲಸವೆಲ್ಲ ನನ್ನ ಕೈಗೆ ಬಂದು ಹತ್ತು ವರ್ಷವಾಯಿತು. ಗೇಟು, ಟ್ರೇಲರು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಸ್ಟ್ಯಾಂಡು, ಏನು ತಂದರೂ ಮಾಡಿಕೊಡುತ್ತೇನೆ. ಹೆಂಗಸು ಕಬ್ಬಿಣ ಕುಯ್ಯುವುದನ್ನು ನೋಡಲೆಂದೇ ಬೈಕು ನಿಲ್ಲಿಸುವವರು ಈಗಲೂ ಇದ್ದಾರೆ. ನಿಂತು ನೋಡಲಿ, ಟಿಕೆಟ್ ಇಟ್ಟಿಲ್ಲ.

ಮಡಿಕೇರಿಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, "ಹೋಗಿರೋದು ವಾಪಸ್ ಬರಲ್ಲಮ್ಮ, ಉಳಿದಿರೋದನ್ನ ಉಳಿಸ್ಕೊಳ್ಳಿ" ಅಂದರು. ಆಮೇಲೆ ಬಹಳ ಕನಿಕರದಿಂದ, "ಬೇರೆ ಏನಾದ್ರೂ ಕೆಲಸ ನೋಡ್ಕೋಬಾರ್ದಾ?" ಎಂದು ಕೇಳಿದರು.

"ಬೇರೆ ಮಿಷನ್ ನೋಡ್ಕೋಬಾರ್ದಾ ಅಂತ ಕೇಳಿ ಸಾರ್" ಅಂದೆ.

ಕಿವಿಗೆ ಹಾಕಿಕೊಳ್ಳುವ ಮುಚ್ಚಳ ನನ್ನ ಹತ್ತಿರ ಇತ್ತು. ಆದರೆ ದಿನಕ್ಕೆ ಐವತ್ತು ಸಲ ಯಾರೋ ಬರುತ್ತಾರೆ, ಅಳತೆ ಹೇಳುತ್ತಾರೆ, ಫೋನು ಬರುತ್ತದೆ. ತೆಗೆಯುವುದು, ಹಾಕುವುದು, ಒಂದು ಸಲ ಮರೆಯುವುದು. ಆ ಒಂದು ಸಲವೇ ಸಾಕು. ಕಿವಿ ಮುಚ್ಚಿಕೊಂಡು ಆ ಮಿಷನ್ನಿಗೆ ನಾನು ಹೊಂದಿಕೊಳ್ಳುವುದಕ್ಕಿಂತ, ನನಗೆ ಹೊಂದುವ ಮಿಷನ್ನು ತರುವುದೇ ಸರಿ ಎಂದು ತೀರ್ಮಾನಿಸಿದೆ. ಅಪ್ಪ ಒಪ್ಪಲಿಲ್ಲ. ಅವನ ಲೆಕ್ಕವೇ ಬೇರೆ.

"ಶಬ್ದ ಕೇಳೇ ಕಣವ್ವ ಜನ ಬರೋದು. ನಮ್ ಮಿಷನ್ನು ಹೆಬ್ಬಾಲೆಗಂಟ ಕೇಳ್ತದೆ. ಸುಮ್ಕಿರೋ ಶೆಡ್ಡಿಗೆ ಯಾರ್ ಬತ್ತಾರೆ, ಬಾಗ್ಲು ಹಾಕವ್ರೆ ಅಂದ್ಕೊಂಡು ಮುಂದಕ್ ಹೋಯ್ತಾರೆ."

ಈ ಮಾತನ್ನು ಅವನು ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಾನೆ, ಯಾಕೆಂದರೆ ತನ್ನ ದನಿ ಎಷ್ಟು ದೊಡ್ಡದೆಂದು ಅವನಿಗೆ ಗೊತ್ತಾಗುವುದಿಲ್ಲ. ಕಿವಿ ತಿಂದ ಮಿಷನ್ನಿನ ಮೇಲೆ ಅವನಿಗೆ ಎಷ್ಟು ಅಕ್ಕರೆ ಅಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅದೇ ಮಿಷನ್ನು ಹಳೆಯದಾಗಿ ಬೇರಿಂಗ್ ಹೋದಾಗ ನನಗೆ ದಾರಿ ಸಿಕ್ಕಿತು. ಅಪ್ಪ, ನಾನು ಇಬ್ಬರೂ ಪಿಕಪ್ಪಿನಲ್ಲಿ ಮೈಸೂರಿನ ಮಿಷನ್ ಅಂಗಡಿಗೆ ಹೋದೆವು. ಎರಡಿಂಚಿನ ಒಂದು ಚೌಕದ ಪೈಪು, ಪಲ್ಪರಿನ ಸವೆದ ಒಂದು ಗಟ್ಟಿ ಶಾಫ್ಟು, ಕುಯ್ದದ್ದು ನೇರವಾಗಿದೆಯೇ ಎಂದು ನೋಡುವ ನನ್ನ ಮೂಲೆಮಟ್ಟ, ಇಷ್ಟನ್ನೂ ಗೋಣಿಚೀಲದಲ್ಲಿ ಸುತ್ತಿ ತಂದಿದ್ದೆ. ಸೀರೆ ಅಂಗಡಿಯಲ್ಲಿ ಸೆರಗು ಬಿಡಿಸಿ ನೋಡುತ್ತೇವೆ, ಗರಗಸವನ್ನು ಮಾತ್ರ ಡಬ್ಬದ ಮೇಲಿನ ಚಿತ್ರ ನೋಡಿ ಒಯ್ಯಬೇಕೇ?

ಅಂಗಡಿಯವರು ಅಪ್ಪನನ್ನೇ ನೋಡಿ ಮಾತಾಡಿದರು. ಅಪ್ಪನಿಗೆ ಕೇಳಿಸುತ್ತಿರಲಿಲ್ಲ, ಉತ್ತರ ನಾನು ಕೊಡುತ್ತಿದ್ದೆ, ಅವರು ಮತ್ತೆ ಅಪ್ಪನನ್ನೇ ನೋಡಿ ಮುಂದುವರಿಸುತ್ತಿದ್ದರು. ಮೂರನೆಯ ಸಲ ಅವರಿಬ್ಬರ ನಡುವೆ ಹೋಗಿ ನಿಂತೆ. "ಕುಯ್ಯೋಳು ನಾನು. ನಂಗೆ ಹೇಳಿ" ಅಂದೆ.

ಮೊದಲು ತೋರಿಸಿದ್ದು ಹಳೆಯದರ ಜಾತಿಯದೇ, ಇನ್ನೂ ದೊಡ್ಡ ಚಕ್ರದ್ದು. ಪೈಪು ಕೊಟ್ಟು ಕುಯ್ಯಿರಿ ಅಂದೆ. ಅದೇ ಕಿರುಚಾಟ, ಅದೇ ಕಿಡಿ, ಕುಯ್ದ ಅಂಚಿನಲ್ಲಿ ಅದೇ ಮುಳ್ಳು. ಅಪ್ಪನ ಮುಖ ಅರಳಿತು. ಅವನಿಗೆ ಅಷ್ಟಾದರೂ ಕೇಳಿಸಿತಲ್ಲ. ಎರಡನೆಯದು ಹಲ್ಲಿರುವ ಗಟ್ಟಿ ಚಕ್ರದ್ದು. ಅಂಚು ನುಣುಪಾಗಿ ಬಂತು, ಕಿಡಿಯೂ ಕಡಿಮೆ, ಆದರೆ ಅದರ ಕೂಗು ಇನ್ನೂ ತೆಳ್ಳಗೆ, ನೇರವಾಗಿ ಎಡಗಿವಿಗೆ ಸೂಜಿ ಚುಚ್ಚಿದ ಹಾಗೆ. ಬೇಡ ಅಂದೆ.

ಮೂರನೆಯದನ್ನು ಅವರು ತೋರಿಸಲಿಲ್ಲ, ನಾನೇ ನೋಡಿದೆ. ಮೂಲೆಯಲ್ಲಿ ಧೂಳು ಹಿಡಿದು ಕೂತಿತ್ತು. ಹಲ್ಲಿನ ಪಟ್ಟಿಯೊಂದು ಎರಡು ಗಾಲಿಗಳ ಮೇಲೆ ಸುತ್ತುತ್ತಾ, ತನ್ನ ಭಾರಕ್ಕೆ ತಾನೇ ಇಳಿಯುತ್ತಾ ಕುಯ್ಯುವ ಬ್ಯಾಂಡ್ ಸಾ.

"ಅದು ಬೇಡ ಮೇಡಂ, ತುಂಬಾ ಸ್ಲೋ. ನಿಮ್ ಕಡೆ ಎಲ್ಲಾರೂ ಚಕ್ರದ್ದೇ ತಗೊಂಡ್ ಹೋಗೋದು."

"ನಮ್ ಕಡೆ ಎಲ್ಲಾರೂ ಕಿವುಡ್ರಾಗಿದಾರೆ. ಇದನ್ನ ಓಡ್ಸಿ."

ಓಡಿಸಿದರು. ಪಕ್ಕದ ಮನೆಯಲ್ಲಿ ಯಾರೋ ಕಾಯಿ ತುರಿಯುತ್ತಿದ್ದಾರೇನೋ ಅನ್ನುವಷ್ಟು ಸದ್ದು. ಗಟ್ಟಿ ಶಾಫ್ಟು ಕುಯ್ದು ಮುಗಿಯುವಷ್ಟರಲ್ಲಿ ಅಂಗಡಿಯವರು ಒಂದು ಟೀ ಕುಡಿದು ಮುಗಿಸಿದರು, ಅದು ನಿಜ. ಆದರೆ ತುಂಡು ಬಿದ್ದ ಮೇಲೆ ಮಿಷನ್ನು ತಾನೇ ಆಫ್ ಆಯಿತು. ಅಂದರೆ ಅದು ಇಲ್ಲಿ ಕುಯ್ಯುತ್ತಿರುವಾಗ ನಾನು ಅಲ್ಲಿ ವೆಲ್ಡಿಂಗ್ ಮಾಡಬಹುದು. ಮೂಲೆಮಟ್ಟ ಇಟ್ಟು ನೋಡಿದೆ, ಒಂದು ಕಡೆ ಬೆಳಕು ತೂರಿತು. ಪಟ್ಟಿ ವಾಲಿದೆ, ಸರಿಮಾಡಿ ಇನ್ನೊಮ್ಮೆ ಕುಯ್ಯಿರಿ ಅಂದೆ. ಅವರು ಮುಖ ಗಂಟು ಹಾಕಿಕೊಂಡೇ ಸ್ಕ್ರೂ ತಿರುಗಿಸಿದರು. ಎರಡನೆಯ ಸಲ ಬೆಳಕು ತೂರಲಿಲ್ಲ. ಮೋಟರು ಸಣ್ಣದು, ಹೊಲಗಳಲ್ಲಿ ಪಂಪುಗಳು ಶುರುವಾಗಿ ನಮ್ಮೂರಿನ ಕರೆಂಟು ಬಡಕಲಾದಾಗಲೂ ಅದು ಎಳೆಯುತ್ತದೆ. ಇದೇ ಅಂದೆ.

ಅಷ್ಟರಲ್ಲಿ ಅಪ್ಪ ಅಂಗಡಿಯೇ ಅದುರುವ ಹಾಗೆ, "ಇದು ಕುಯ್ತಾ ಐತೋ ನಿದ್ದೆ ಮಾಡ್ತಾ ಐತೋ? ಸುಮ್ಕೆ ದೊಡ್ ಚಕ್ರದ್ದು ಹಾಕ್ಸವ್ವ" ಎಂದು ಕೂಗಿದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವರು ನಕ್ಕದ್ದು ಅಪ್ಪನ ದನಿಗೆ. ಅಪ್ಪನೂ ತಾನೇನೋ ತಮಾಷೆ ಮಾಡಿದೆ ಅಂದುಕೊಂಡು ನಕ್ಕ.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಅವನ ಬಲಗಿವಿಗೆ ಬಾಯಿಟ್ಟು ಕೂಗಿದೆ. "ನಿನ್ ಥರ ಆಗಲ್ಲ ಕಣಪ್ಪ ನಾನು! ನಂಗೆ ಕಿವಿ ಬೇಕು!"

ಕೇಳಿಸಿತು ಅವನಿಗೆ. ಮುಖದ ನಗು ಹಾಗೇ ಇಳಿಯಿತು. ಹೋಗಿ ಪಿಕಪ್ಪಿನಲ್ಲಿ ಕೂತ. ಜನರ ಮುಂದೆ ಹಾಗೆ ಅನ್ನಬಾರದಿತ್ತು. ಆದರೆ ಅಂದದ್ದು ಸುಳ್ಳಲ್ಲ, ವಾಪಸ್ ತೆಗೆದುಕೊಳ್ಳಲೂ ಇಲ್ಲ. ಗರಗಸ ಲೋಡು ಮಾಡಿಸಿದೆ.

ಹುಣಸೂರು ದಾಟಿದೆವು, ಪಿರಿಯಾಪಟ್ಟಣ ದಾಟಿದೆವು, ಅಪ್ಪ ಕಿಟಕಿ ಕಡೆ ತಿರುಗಿಯೇ ಕೂತಿದ್ದ. ಬೈಲಕುಪ್ಪೆ ದಾಟಿದ ಮೇಲೆ, ರಸ್ತೆಯನ್ನೇ ನೋಡುತ್ತಾ, ಅವನ ಲೆಕ್ಕದಲ್ಲಿ ಮೆಲ್ಲಗೆ, ನನ್ನ ಲೆಕ್ಕದಲ್ಲಿ ಜೋರಾಗಿ, "ಆ ಪಟ್ಟಿ ಬಿಸಿಯಾಗ್ದಂಗೆ ಮ್ಯಾಲೆ ಎಣ್ಣೆನೀರು ಬಿಡ್ಬೇಕಲ್ಲ, ಕ್ಯಾನು ಎಲ್ಲಿಡ್ತೀಯ?" ಅಂದ. ಬೆಂಚಿನ ಕೆಳಗೆ ಎಂದು ಕೈಸನ್ನೆ ಮಾಡಿದೆ. ತಲೆಯಾಡಿಸಿದ. ಆಮೇಲೆ ಅವನೇ ಆ ಕ್ಯಾನಿಗೆ ಸ್ಟ್ಯಾಂಡು ಮಾಡಿಕೊಟ್ಟ. ಮಿಷನ್ನು ಓಡುತ್ತಿದೆಯೋ ಇಲ್ಲವೋ ಎಂದು ಅದರ ಮೈಮೇಲೆ ಅಂಗೈ ಇಟ್ಟು ನೋಡುತ್ತಾನೆ, ಪ್ರತಿ ಸಲ ಗೊಣಗುತ್ತಾನೆ. ಗೊಣಗಲಿ. ನನ್ನ ಎಡಗಿವಿಯ ಸದ್ದು ಹೋಗಿಲ್ಲ, ಹೋಗುವುದೂ ಇಲ್ಲ. ಬಲಗಿವಿಗೆ ಮಾತ್ರ ಅದನ್ನು ದಾಟಲು ನಾನು ಬಿಡುವುದಿಲ್ಲ.

ಹೋದ ಸಲ ಕಾಫಿ ಕೊಯ್ಯುವ ಪಿಕ್ಕಿಂಗ್ ಸೀಸನ್ನಿನಲ್ಲಿ ಚೆಟ್ಟಳ್ಳಿ ಕಡೆಯ ಎಸ್ಟೇಟೊಂದರ ಲೆಕ್ಕ ಬರೆಯುವ ರೈಟರು ಗೇಟಿನ ಕೆಲಸಕ್ಕೆ ಜೀಪಿನಲ್ಲಿ ಬಂದರು. ಅಪ್ಪನ ಕಾಲದ ಗಿರಾಕಿ. ಪೈಪಿನ ಕಟ್ಟನ್ನು ಗರಗಸಕ್ಕೆ ಕೊಟ್ಟು ಸ್ವಿಚ್ಚು ಹಾಕಿ, ನಾನು ಅವರಿಗೆ ಬೆನ್ನು ಮಾಡಿ ಕೀಲುಗಳನ್ನು ಅಳೆಯುತ್ತಿದ್ದೆ. ಮಿಷನ್ನು ಓಡುವಾಗ ಶೆಡ್ಡಿನಲ್ಲಿ ಏನು ಬೇಕಾದರೂ ಮಾತಾಡಬಹುದು ಎನ್ನುವುದು ಅವರಿಗೆ ಮೂವತ್ತು ವರ್ಷದ ರೂಢಿ. ಡ್ರೈವರಿಗೆ ಆರಾಮವಾಗಿ ಹೇಳಿದರು.

"ಮುದುಕ ಇದ್ದಾಗ ಇಲ್ಲಿ ಕೆಲ್ಸ ಆಗ್ತಿತ್ತು ಮಾರಾಯ. ಇವಳದ್ದು ಬರೀ ಹಠ. ನಮ್ ಎಸ್ಟೇಟಿಗೆ ನುಗ್ಗೋ ಆನೆ ಒಂದ್ಸಲ ಮೈ ಉಜ್ಜಿದ್ರೆ ಇವಳ ಗೇಟು ಮಲ್ಗುತ್ತೆ, ನೋಡ್ತಿರು."

ಪ್ರತಿ ಅಕ್ಷರವೂ ಕೇಳಿಸಿತು. ಇಷ್ಟು ವರ್ಷ ನಮ್ಮ ಬೆನ್ನ ಹಿಂದೆ, ಆ ಕಿರುಚಾಟದ ಮರೆಯಲ್ಲಿ, ಇನ್ನೆಷ್ಟು ಜನ ಇನ್ನೇನೇನು ಅಂದಿದ್ದಾರೋ. ಟೇಪು ಮಡಿಸಿ ತಿರುಗಿದೆ.

"ಕೇಳಿಸ್ತು ರೈಟ್ರೇ. ಇನ್ನೂ ಏನಾದ್ರೂ ಇದ್ರೆ ಹೇಳಿ, ಪೈಪು ಕುಯ್ದು ಮುಗಿಯೋಕೆ ಇನ್ನೂ ಟೈಮಿದೆ."