ಸೈಕಲ್ಲಿನ ಮೇಲೆ ಕರಿಗೀಟು

ಪೀಣ್ಯದಲ್ಲಿ ನಾನು ವೆಲ್ಡಿಂಗ್ ಮಾಡ್ತಿದ್ದ ಕಾಲದಲ್ಲಿ ನನ್ನ ಹೆಸರು ಕೇಳಿದ್ರೇ ಕಬ್ಬಿಣ ಕರಗೋದು. ಅಂಥವನಿಗೆ ಮೊಮ್ಮಗಳು ತನ್ನ ಕಾರ್ಬನ್ ಫೈಬರ್ ಸೈಕಲ್ ಕೊಟ್ಟಳು. ಎಷ್ಟು ಹಗುರ ಅಂದ್ರೆ, ಗಾಳಿ ಜೋರಾದ ದಿನ ಅದನ್ನ ಕಂಬಕ್ಕೆ ಕಟ್ಟಿಹಾಕ್ತೀನಿ. ಕಳ್ಳರ ಭಯಕ್ಕಲ್ಲ, ಹಾರಿಹೋಗುತ್ತೆ ಅಂತ.

ಆಯುಧಪೂಜೆಯ ಮಾರನೇ ದಿನ ನೋಡ್ತೀನಿ, ಫ್ರೇಮಿನ ಮೇಲೆ ಕೂದಲೆಳೆಯಂಥ ಕರಿಗೀಟು. ಬಿರುಕು! ಮುಟ್ಟಿ ನೋಡೋಕೂ ಕೈ ಬರಲಿಲ್ಲ. ನನ್ನ ಮಂಡಿ ನಡೆಯೋಕೆ ಒಪ್ಪಲ್ಲ, ಪೆಡಲ್ ತುಳಿಯೋಕೆ ಮಾತ್ರ ಒಪ್ಪುತ್ತೆ. ಸೈಕಲ್ ಹೋಯ್ತು ಅಂದ್ರೆ ನಾನು ಮನೇಲಿ ಕೂತ ಹಾಗೇ.

ಆಟೋದಲ್ಲಿ ಅದನ್ನ ಮಗುವಿನ ಥರ ತೊಡೆ ಮೇಲೆ ಮಲಗಿಸ್ಕೊಂಡು ಲಗ್ಗೆರೆಯ ಸೈಕಲ್ ಅಂಗಡಿಗೆ ಹೋದೆ. ಅಲ್ಲಿ ರಿಪೇರಿ ಮಾಡೋದು ಶಬಾನಾ ಅನ್ನೋ ಹೆಣ್ಣುಮಗಳು.

"ಸಣ್ಣದಾಗಿ ವೆಲ್ಡಿಂಗ್ ಹೊಡಿಯಮ್ಮ. ಆಗಲ್ಲಾಂದ್ರೆ ಬಿಡು, ನಾನೇ ಹೊಡೀತೀನಿ."

"ಅಯ್ಯೋ ತಾತ, ಇದು ಕಬ್ಬಿಣ ಅಲ್ಲ! ಬೆಂಕಿ ತೋರಿಸಿದ್ರೆ ಸುಟ್ಟೋಗುತ್ತೆ."

ಅವಳು ನಾಣ್ಯ ತಗೊಂಡು ಫ್ರೇಮಿನ ಉದ್ದಕ್ಕೂ ಟಕಟಕ ಬಡಿದಳು. "ಬಿರುಕಿದ್ರೆ ಸದ್ದು ಮಂಕಾಗ್ಬೇಕಿತ್ತು," ಅಂತ ಒದ್ದೆ ಬಟ್ಟೇಲಿ ಒರೆಸಿದಳು. ಗೀಟು ಮಾಯ!

"ಪೂಜೇಲಿ ಮಂಗಳಾರತಿ ಎಲ್ಲಿ ಹಿಡಿದ್ರಿ?"

"ಫ್ರೇಮಿಗೆ ತಾಗಿಸೇ ಎತ್ತಿದೆ. ನನ್ನ ಭಕ್ತಿ ಸಣ್ಣದಲ್ಲ, ತಾಯಿ."

"ಇದು ಕರ್ಪೂರದ ಮಸಿ! ಪುಣ್ಯಕ್ಕೆ ಸುಟ್ಟಿಲ್ಲ. ಇನ್ನು ಹತ್ತು ವರ್ಷ ನಿಮ್ಮನ್ನ ಹೊರುತ್ತೆ, ಹೋಗಿ."

ಮನೆವರೆಗೂ ಹಾಡ್ಕೊಂಡು ತುಳಿದೆ. ಆದ್ರೆ ಈಗ ಬೇರೆ ಚಿಂತೆ ಹತ್ತಿದೆ. ಹತ್ತು ವರ್ಷ ಕಳೆದ್ರೂ ನನಗೆ ಬರೀ ಎಂಬತ್ತೆಂಟು. ಆಮೇಲೆ ಏನು ಓಡಿಸೋದು?